ಮುನ್ನೂರು ಪದಗಳ ಪ್ರಬಂಧ, ಸಹಿ ಹಾಕಲು ಯಾರೂ ಬಾರದ ಹುಡುಗ

2024ರ ಮೇ 19ರ ನಸುಕು. ಪುಣೆಯ ಕಲ್ಯಾಣಿ ನಗರದಲ್ಲಿ ಒಂದು ಪೋರ್ಷೆ ಕಾರು ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತರು. ಸ್ಟೇರಿಂಗ್ ಹಿಡಿದಿದ್ದವನು 17 ವರ್ಷದ ಹುಡುಗ, ಕುಡಿದಿದ್ದ ಎಂದು ಪೊಲೀಸರು ಹೇಳಿದರು. ಕೆಲವೇ ಗಂಟೆಗಳಲ್ಲಿ ಬಾಲ ನ್ಯಾಯ ಮಂಡಳಿ ಅವನಿಗೆ ಜಾಮೀನು ಕೊಟ್ಟಿತು. ಷರತ್ತುಗಳಲ್ಲಿ ಒಂದು ಹೀಗಿತ್ತು: ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು.

ದೇಶಕ್ಕೆ ದೇಶವೇ ಸಿಟ್ಟಿಗೆದ್ದಿತು. ನನಗೂ ಸಿಟ್ಟು ಬಂದಿತ್ತು. ಹೈಸ್ಕೂಲಿನಲ್ಲಿ ಹೋಂವರ್ಕ್ ಮಾಡದೆ ಹೋದಾಗ ಮೇಷ್ಟ್ರು ಬರೆಸುತ್ತಿದ್ದ ಇಂಪೊಸಿಷನ್ನೇ ಇದಕ್ಕಿಂತ ಉದ್ದ ಇರುತ್ತಿತ್ತು. ಆಮೇಲೆ ನಡೆದದ್ದು ಗೊತ್ತೇ ಇದೆ. ಜಾಮೀನಿನ ಆದೇಶ ಬದಲಾಯಿತು, ಹುಡುಗ ವಿಚಾರಣೆ ಮುಗಿಯುವ ತನಕ ಮಕ್ಕಳನ್ನಿಡುವ ವೀಕ್ಷಣಾಲಯಕ್ಕೆ ಹೋದ. ರಕ್ತದ ಮಾದರಿಯನ್ನೇ ಅದಲು ಬದಲು ಮಾಡಿದ ಆರೋಪದಲ್ಲಿ ವೈದ್ಯರು ಸಿಕ್ಕಿಬಿದ್ದರು, ಹುಡುಗನ ಅಪ್ಪ ಅಮ್ಮನೂ ಬಂಧನಕ್ಕೊಳಗಾದರು. ಜೂನ್ 25ರಂದು ಬಾಂಬೆ ಹೈಕೋರ್ಟ್, ಜಾಮೀನು ಸಿಕ್ಕವನನ್ನು ಹೀಗೆ ಒಳಗಿಟ್ಟದ್ದು ಕಾನೂನಿಗೆ ವಿರುದ್ಧ ಎಂದು ಅವನನ್ನು ಬಿಡುಗಡೆ ಮಾಡಿತು. ಮಂಡಳಿಯ ಇಬ್ಬರು ಸದಸ್ಯರನ್ನು ಮಹಾರಾಷ್ಟ್ರ ಸರ್ಕಾರ ತೆಗೆದುಹಾಕಿತು. ಅಷ್ಟು ಹೊತ್ತಿಗೆ ಒಂದು ಮಾತು ಎಲ್ಲ ಕಡೆ ಹಬ್ಬಿಯಾಗಿತ್ತು: ಜುವೆನೈಲ್ ಅಂತ ಬಿಡೋದು ಸಾಕು, ದೊಡ್ಡವರ ಜೈಲಿಗೆ ಹಾಕಿ.

ಈಗ ಇನ್ನೊಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಇವನು ನನ್ನ ಕಲ್ಪನೆಯವನು. ಆದರೆ ಇಂಥವರನ್ನು ಕಾಣಲು ದೂರ ಹೋಗಬೇಕಿಲ್ಲ. ಯಶವಂತಪುರ ರೈಲು ನಿಲ್ದಾಣದಲ್ಲಿ ಮೊಬೈಲ್ ಕದ್ದು ಸಿಕ್ಕಿಬಿದ್ದಿದ್ದಾನೆ. ವಯಸ್ಸು ಹದಿನೈದು. ಅಪ್ಪ ಮನೆ ಬಿಟ್ಟು ವರ್ಷಗಳಾಗಿವೆ. ಅಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಂದು ದಿನ ತಪ್ಪಿಸಿದರೆ ಆ ದಿನದ ಸಂಬಳ ಹೋಯಿತು, ಸೂಪರ್‌ವೈಸರ್ ಬೈಗುಳ ಬೇರೆ. ಈ ಹುಡುಗನಿಗೂ ಜಾಮೀನು ಹಕ್ಕೇ. ಪುಣೆಯವನಿಗೆ ಅನ್ವಯವಾದ ಬಾಲ ನ್ಯಾಯ ಕಾಯ್ದೆಯ ಅದೇ 12ನೇ ಸೆಕ್ಷನ್ ಇವನಿಗೂ ಇದೆ. ಶ್ಯೂರಿಟಿ ಇಲ್ಲದೆಯೂ ಬಿಡಬಹುದು, ಪ್ರೊಬೇಷನ್ ಆಫೀಸರ್ ನಿಗಾದಲ್ಲಿ ಬಿಡಬಹುದು, ನಂಬಿಕಸ್ಥರೊಬ್ಬರ ಸುಪರ್ದಿಗೆ ಕೊಡಬಹುದು ಎಂದು ಕಾನೂನು ಬಾಯಿಬಿಟ್ಟು ಹೇಳುತ್ತದೆ. ಆದರೆ ಕರೆದುಕೊಂಡು ಹೋಗಲು, ಕಾಗದಕ್ಕೆ ಸಹಿ ಹಾಕಲು ಯಾರಾದರೂ ಬರಬೇಕಲ್ಲ? ಬರುವ ತನಕ ಅವನು ವೀಕ್ಷಣಾಲಯದಲ್ಲಿ. ಜನರ ಬಾಯಲ್ಲಿ ಅದು ಇವತ್ತಿಗೂ ರಿಮ್ಯಾಂಡ್ ಹೋಂ.

ಪುಣೆಯ ಹುಡುಗನ ಹಿಂದೆ ಜನ ಜಾಸ್ತಿಯಾದರು. ಯಶವಂತಪುರದ ಹುಡುಗನ ಹಿಂದೆ ಜನವೇ ಇಲ್ಲ. ನಮ್ಮ ಚರ್ಚೆ ಮಾತ್ರ ಹದಿನಾರೋ ಹದಿನೆಂಟೋ ಎಂಬ ವಯಸ್ಸಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ನನಗೆ ಕಾಣುವ ಕೊರತೆ ಕಾನೂನಿನ ಬಿಗಿಯಲ್ಲಿಲ್ಲ. ಕಾನೂನು ಹೇಳಿದ ಕೆಲಸವನ್ನು ಮಾಡುವ ಜನರಲ್ಲಿದೆ.

ಕಾನೂನನ್ನು ಓದಿದರೆ ಆಶ್ಚರ್ಯವೇ ಆಗುತ್ತದೆ. ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಎಂದು 2015ರ ಬಾಲ ನ್ಯಾಯ ಕಾಯ್ದೆ ತನ್ನ ಮೂಲ ತತ್ವಗಳಲ್ಲೇ ಬರೆದುಕೊಂಡಿದೆ. 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು. ಮಕ್ಕಳ ವಿಚಾರ ನೋಡಿಕೊಳ್ಳುವ ಪೊಲೀಸ್ ಅಧಿಕಾರಿ ಯೂನಿಫಾರ್ಮ್ ಹಾಕಿರಬಾರದು. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಕೂಡ ಬೇಡ, ಠಾಣೆಯ ದಿನಚರಿಯಲ್ಲಿ ಬರೆದುಕೊಂಡರೆ ಸಾಕು ಎನ್ನುತ್ತವೆ 2016ರ ಮಾದರಿ ನಿಯಮಗಳು. ಮಂಡಳಿ ಅಂದರೆ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ತಪ್ಪು ಮಾಡಿದ್ದು ಖಚಿತವಾದರೆ ಬುದ್ಧಿ ಹೇಳಿ ಮನೆಗೆ ಕಳಿಸುವುದರಿಂದ ಶುರುವಾಗಿ ಗುಂಪು ಸಮಾಲೋಚನೆ, ಸಮುದಾಯ ಸೇವೆ, ತಂದೆ ತಾಯಿಗೆ ದಂಡ, ನಿಗಾದಲ್ಲಿ ಹೊರಗೇ ಬಿಡುವ ಪ್ರೊಬೇಷನ್ ಎಂದೆಲ್ಲ ಮೆಟ್ಟಿಲುಗಳಿವೆ. ಎಲ್ಲಕ್ಕೂ ಕೊನೆಯಲ್ಲಿ ಗರಿಷ್ಠ 3 ವರ್ಷ ವಿಶೇಷ ಗೃಹ, ಅಂದರೆ ತಪ್ಪು ಮಾಡಿದ ಮಕ್ಕಳನ್ನು ಸುಧಾರಿಸಲು ಇಡುವ ಜಾಗ.

ಅಂದರೆ ಸುಧಾರಣೆ ಮೊದಲು, ಸೆರೆ ಆಮೇಲೆ ಎಂಬುದು ಹೊಸ ಬೇಡಿಕೆಯೇನಲ್ಲ. ಅದು ಆಗಲೇ ಕಾನೂನು. ಹಾಗಾದರೆ ತಪ್ಪಿದ್ದೆಲ್ಲಿ?

ಸ್ವಲ್ಪ ಹಿಂದೆ ಹೋಗೋಣ. 1986ರ ಕಾಯ್ದೆಯಲ್ಲಿ ಬಾಲ ನ್ಯಾಯದ ವಯಸ್ಸಿನ ಮಿತಿ ಹುಡುಗರಿಗೆ 16, ಹುಡುಗಿಯರಿಗೆ 18 ಎಂದಿತ್ತು. ಭಾರತ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. ಆಮೇಲೆ ಬಂದದ್ದು 2012ರ ಡಿಸೆಂಬರ್ 16, ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರ. ಆರು ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಇನ್ನೂ ಕೆಲವು ತಿಂಗಳಿತ್ತು. ಅವನಿಗೆ ಸಿಕ್ಕಿದ್ದು 3 ವರ್ಷ ವಿಶೇಷ ಗೃಹ. ವಯಸ್ಸಿನ ಮಿತಿಯನ್ನು ಇಳಿಸಿ ಎಂಬ ಕೂಗು ಆಗ ಎದ್ದದ್ದು ಸಹಜವೇ. ಆದರೆ ಆ ಘಟನೆಯ ಮೇಲೆಯೇ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿಯಲ್ಲಿ ಬೇಡ ಎಂದಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ವಯಸ್ಸು ಇಳಿಸಲು ಒಪ್ಪಲಿಲ್ಲ. 2015ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯೂ ಬೇಡ ಎಂದೇ ಹೇಳಿತು. ಮೂರೂ ಕಡೆಯಿಂದ ಒಂದೇ ಉತ್ತರ.

2015ರ ಡಿಸೆಂಬರ್ 20ರಂದು ದೆಹಲಿ ಪ್ರಕರಣದ ಆ ಹುಡುಗ ಬಿಡುಗಡೆಯಾದ. ಡಿಸೆಂಬರ್ 22ರಂದು ರಾಜ್ಯಸಭೆ ಹೊಸ ಮಸೂದೆಯನ್ನು ಪಾಸು ಮಾಡಿತು. ನಡುವೆ ಎರಡು ದಿನ.

ಆ ಹೊಸ ಕಾಯ್ದೆಯ 15ನೇ ಸೆಕ್ಷನ್ನೇ ಇವತ್ತಿನ ಎಲ್ಲ ಜಗಳದ ಮೂಲ. 16ರಿಂದ 18ರ ನಡುವಿನವರು ಘೋರ ಅಪರಾಧ ಮಾಡಿದ ಆರೋಪವಿದ್ದರೆ ಮಂಡಳಿ ಮೊದಲು ಒಂದು ಮೌಲ್ಯಮಾಪನ ಮಾಡಬೇಕು. ಆ ಕೃತ್ಯ ಮಾಡುವ ಮಾನಸಿಕ, ದೈಹಿಕ ಶಕ್ತಿ ಅವನಿಗಿತ್ತಾ? ಪರಿಣಾಮ ಗೊತ್ತಿತ್ತಾ? ಯಾವ ಸನ್ನಿವೇಶದಲ್ಲಿ ಮಾಡಿದ? ಇವನ್ನು ನೋಡಿ, ಬೇಕೆನಿಸಿದರೆ ದೊಡ್ಡವನಂತೆ ವಿಚಾರಣೆ ಮಾಡಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ ಶಿಕ್ಷೆಯಾದರೆ 21ರವರೆಗೆ ಜೈಲಲ್ಲದ ‘ಸುರಕ್ಷಿತ ತಾಣ’ದಲ್ಲಿಟ್ಟು, ಆಮೇಲೆ ಅವನು ಸುಧಾರಿಸಿದ್ದಾನೋ ಇಲ್ಲವೋ ನೋಡಿ, ಇಲ್ಲವಾದರೆ ಜೈಲಿಗೆ. ಮರಣದಂಡನೆ ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆರು ತಿಂಗಳ ಹಿಂದೆ ಒಂದು ಕ್ಷಣದಲ್ಲಿ ಒಬ್ಬ ಹುಡುಗನ ತಲೆಯಲ್ಲಿ ಏನಿತ್ತು ಎಂದು ಇವತ್ತು ಅಳೆಯುವ ತಕ್ಕಡಿ ಯಾರ ಹತ್ತಿರ ಇದೆ? ಗುರುಗ್ರಾಮದ ಶಾಲೆಯೊಂದರ ಪ್ರಕರಣ ನೋಡಿ. 2017ರ ಸೆಪ್ಟೆಂಬರ್‌ನಲ್ಲಿ 7 ವರ್ಷದ ಮಗು ಶಾಲೆಯಲ್ಲೇ ಕೊಲೆಯಾಯಿತು. ಮೊದಲು ಪೊಲೀಸರು ಹಿಡಿದದ್ದು ಬಸ್ ಕಂಡಕ್ಟರನ್ನು. ಆಮೇಲೆ ಸಿಬಿಐ ಬಂದು, ಮಾಡಿದ್ದು ಅವನಲ್ಲ, ಅದೇ ಶಾಲೆಯ 16 ವರ್ಷದ ವಿದ್ಯಾರ್ಥಿ ಎಂದಿತು. ಮಂಡಳಿ ಡಿಸೆಂಬರ್‌ನಲ್ಲೇ ದೊಡ್ಡವನಂತೆ ವಿಚಾರಣೆಯಾಗಲಿ ಎಂದು ಆದೇಶ ಕೊಟ್ಟಿತು. ಐಕ್ಯೂ ಪರೀಕ್ಷೆಯೂ ನಡೆದಿತ್ತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಹೀಗೆ ಅವಸರ ಮಾಡುವಂತಿಲ್ಲ, ಬುದ್ಧಿಮಟ್ಟವೇ ಬೇರೆ, ಪರಿಣಾಮಗಳನ್ನು ಅರಿಯುವ ಶಕ್ತಿಯೇ ಬೇರೆ, ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದಿತು. ಮತ್ತೆ ಮೌಲ್ಯಮಾಪನವಾಯಿತು. ಅದೇ ಅಕ್ಟೋಬರ್‌ನಲ್ಲಿ ಮಂಡಳಿ ಮತ್ತೆ ಅದೇ ತೀರ್ಮಾನಕ್ಕೆ ಬಂತು. ಲೆಕ್ಕ ಹಾಕಿ. 2017ರಲ್ಲಿ 16 ಆಗಿದ್ದವನಿಗೆ ಆಗ 21. ಗಡ್ಡ ಮೀಸೆ ಬಂದ ಯುವಕನನ್ನು ಕೂರಿಸಿಕೊಂಡು, ಅವನೊಳಗೆ ಐದು ವರ್ಷ ಹಿಂದೆ ಇದ್ದ ಹುಡುಗನನ್ನು ಹುಡುಕಿದ ಹಾಗಾಯಿತು. ಕಾಯ್ದೆ ಈ ಕೆಲಸಕ್ಕೆ ಕೊಟ್ಟಿರುವ ಗಡುವು 3 ತಿಂಗಳು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ ಈ ವಿಷಯದಲ್ಲಿ ದೊಡ್ಡ ಅನುಭವವಿದೆ. ಅಲ್ಲಿನ ಮಕ್ಕಳ ಮನೋವೈದ್ಯ ವಿಭಾಗದವರು ಇಂಥ ಮಕ್ಕಳ ಜೊತೆ ಕೆಲಸ ಮಾಡಿಕೊಂಡು ಬಂದಿದ್ದಾರೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನಿಂದ ನಡೆಯುವ ‘ಸಂವಾದ್’ ಎಂಬ ಅವರ ಯೋಜನೆ ಬೇರೆ ಬೇರೆ ರಾಜ್ಯಗಳ ಸಿಬ್ಬಂದಿಗೆ ತರಬೇತಿ ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ಜಿಲ್ಲೆಗೊಂದು ನಿಮ್ಹಾನ್ಸ್ ಇಲ್ಲವಲ್ಲ.

15ನೇ ಸೆಕ್ಷನ್ನಿನಲ್ಲಿ ಇನ್ನೊಂದು ಸೊಟ್ಟ ಇದೆ. ಇದು ನನಗೆ ನಿಜಕ್ಕೂ ಕಿರಿಕಿರಿ ಮಾಡುವಂಥದ್ದು. ‘ಘೋರ ಅಪರಾಧ’ ಎಂದರೆ ಕನಿಷ್ಠ ಶಿಕ್ಷೆ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರುವುದು. ಗರಿಷ್ಠ ಎಷ್ಟೇ ಇರಲಿ, ಕನಿಷ್ಠ ಇಲ್ಲದಿದ್ದರೆ ಅದು ಘೋರ ಅಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಪುಣೆಯ ಪ್ರಕರಣದಲ್ಲಿ ಹಾಕಿದ್ದು ಕೊಲೆಯಲ್ಲದ ಮಾನವಹತ್ಯೆಯ ಸೆಕ್ಷನ್. ಆಗಿನ ಭಾರತೀಯ ದಂಡ ಸಂಹಿತೆಯಲ್ಲಿ ಅದಕ್ಕೆ ಜೀವಾವಧಿಯವರೆಗೂ ಕೊಡಬಹುದಿತ್ತು, ಆದರೆ ಕನಿಷ್ಠ ಎಂಬುದಿರಲಿಲ್ಲ. ದೊಡ್ಡವನಂತೆ ವಿಚಾರಣೆ ಮಾಡಿ ಎಂಬ ಪೊಲೀಸರ ಅರ್ಜಿ 2025ರ ಜುಲೈನಲ್ಲಿ ಬಿದ್ದುಹೋಯಿತು. ಮಂಡಳಿಗೆ ಬೇರೆ ದಾರಿ ಇತ್ತೆಂದು ನನಗನ್ನಿಸುವುದಿಲ್ಲ.

ಈಗ ಹದಿನೇಳರ ಹುಡುಗ, ಹದಿನಾರರ ಹುಡುಗಿ. ಒಂದೇ ಊರು, ಒಂದೇ ಕಾಲೇಜು. ಪ್ರೀತಿ ಮಾಡಿ ಧರ್ಮಸ್ಥಳಕ್ಕೋ ತಿರುಪತಿಗೋ ಓಡಿಹೋಗುತ್ತಾರೆ. ಹುಡುಗಿಯ ಅಪ್ಪ ದೂರು ಕೊಡುತ್ತಾನೆ. ಜಾತಿ ಬೇರೆಯಾದರಂತೂ ಮುಗಿದೇ ಹೋಯಿತು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಬೀಳುತ್ತದೆ. 18ರ ಒಳಗಿನವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಪೋಕ್ಸೊದಲ್ಲಿ ಈ ಸೆಕ್ಷನ್‌ಗಳಿಗೆ ಕನಿಷ್ಠ ಶಿಕ್ಷೆ 10 ವರ್ಷ, ಕೆಲವಕ್ಕೆ 20. ಅಂದರೆ ಇದು ‘ಘೋರ’. ಈ ಹುಡುಗನನ್ನು ದೊಡ್ಡವನಂತೆ ವಿಚಾರಣೆಗೆ ಕಳಿಸಬಹುದು. ಇಬ್ಬರ ಜೀವ ತೆಗೆದ ಆರೋಪದವನನ್ನು ಕಳಿಸಲಾಗದು. ದೆಹಲಿಯ ಬಸ್ಸನ್ನು ಕಣ್ಣ ಮುಂದಿಟ್ಟುಕೊಂಡು ಹೆಣೆದ ಬಲೆಗೆ ಓಡಿಹೋದ ಪ್ರೇಮಿಗಳೂ ಬೀಳುತ್ತಿದ್ದಾರೆ. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಇಂಥದ್ದೇ ಒಂದು ಪ್ರಕರಣ ನೋಡಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೊಮ್ಮೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರಲ್ಲಿ ವಯಸ್ಸು ಬದಲಿಸುವುದು ಬೇಡ, ಇಂಥ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಕೊಡೋಣ ಎಂದಿತು. ವಿಷಯ ಅಲ್ಲೇ ನಿಂತಿದೆ.

ಸರಿ, ಹೆಣಿಗೆ ಸೊಟ್ಟ ಎಂದೇ ಇಟ್ಟುಕೊಳ್ಳೋಣ. ನಿಜವಾಗಿ ಭಯಂಕರ ಕೆಲಸ ಮಾಡಿದವರನ್ನಾದರೂ ದೊಡ್ಡವರ ಜೊತೆ ಹಾಕಿದರೆ ಲಾಭವಿಲ್ಲವಾ? ಇದಕ್ಕೆ ಉತ್ತರ ಅಮೆರಿಕದಲ್ಲಿದೆ. ನಾವು 2015ರಲ್ಲಿ ಮಾಡಿದ್ದನ್ನು ಅವರು ಅದಕ್ಕೂ ಬಹಳ ಮೊದಲೇ, ನಮಗಿಂತ ಜೋರಾಗಿ ಮಾಡಿದ್ದರು. 2007ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ ಜೊತೆ ಕೆಲಸ ಮಾಡುವ ಕಾರ್ಯಪಡೆಯೊಂದು ಇದರ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿತು. ಮಕ್ಕಳ ವ್ಯವಸ್ಥೆಯಲ್ಲೇ ಉಳಿದವರಿಗಿಂತ ದೊಡ್ಡವರ ಕೋರ್ಟಿಗೆ ಹೋದವರು ಮತ್ತೆ ಬಂಧನಕ್ಕೊಳಗಾಗುವ ಸಾಧ್ಯತೆ ಸುಮಾರು 34 ಪರ್ಸೆಂಟ್ ಜಾಸ್ತಿ ಎಂದು ಕಂಡುಬಂತು. ಜೈಲಿನಲ್ಲಿ ಅವರಿಗೆ ಗುರುಗಳು ಸಿಗುತ್ತಾರೆ, ಅಷ್ಟೇ. ಸಿಟ್ಟು ತೀರಬಹುದು. ಬೀದಿ ಸುರಕ್ಷಿತವಾಗುವುದಿಲ್ಲ.

ಅದೇ ದೇಶದ ಮಿಸೌರಿ ರಾಜ್ಯ 1983ರಲ್ಲಿ ಬೂನ್‌ವಿಲ್ ಎಂಬಲ್ಲಿದ್ದ ತನ್ನ ದೊಡ್ಡ ಬಾಲಾಪರಾಧಿ ಶಾಲೆಯನ್ನು ಮುಚ್ಚಿ, ಹುಡುಗರ ಮನೆಗೆ ಹತ್ತಿರವಿರುವ ಸಣ್ಣ ಸಣ್ಣ ಗೃಹಗಳಿಗೆ ಬದಲಾಯಿತು. ಅಲ್ಲಿ ಚಿಕ್ಕ ಗುಂಪು, ದಿನಾ ಮಾತುಕತೆ, ಓದು. ಇದರಲ್ಲಿ ರಾಕೆಟ್ ವಿಜ್ಞಾನ ಏನಿಲ್ಲ. ಜನ ಬೇಕು, ಅಷ್ಟೇ.

ನಮ್ಮಲ್ಲಿ ಸಮಸ್ಯೆ ಎಷ್ಟು ದೊಡ್ಡದು ಎಂಬುದೂ ಗೊತ್ತಿರಲಿ. ಟೀವಿ ನೋಡಿದರೆ ಹದಿಹರೆಯದವರು ಊರಿಗೇ ಬೆಂಕಿ ಇಡುತ್ತಿದ್ದಾರೆ ಅನ್ನಿಸುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಪ್ರಕರಣ ಒಟ್ಟು 58 ಲಕ್ಷ. ಅದರಲ್ಲಿ 18ರ ಒಳಗಿನವರು ಆರೋಪಿಗಳಾದವು 30,555. ನೂರಕ್ಕೆ ಒಂದೂ ಇಲ್ಲ, ಅರ್ಧದ ಹತ್ತಿರ.

ಇಷ್ಟೆಲ್ಲ ಹೇಳುವಾಗ ಜನ ಕೇಳುವ ಒಂದು ಪ್ರಶ್ನೆಗೆ ಹುಡುಗರ ಪರ ಮಾತಾಡುವವರು ಸರಿಯಾಗಿ ಉತ್ತರ ಕೊಡುವುದಿಲ್ಲ. ಸತ್ತವರ ಮನೆಯವರಿಗೆ ಏನು? ಅವರ ಮಗ, ಅವರ ಮಗಳು ಹೋಗಿದ್ದಾರೆ. ಅವರ ಮುಂದೆ ‘ಹೊಸ ಬದುಕು’ ಎಂಬ ಮಾತಾಡಿದರೆ ಹೇಗಿರುತ್ತದೆ? ಪುಣೆಯ ಆ ಪ್ರಬಂಧ ಇಷ್ಟು ಸಿಟ್ಟು ತರಿಸಿದ್ದು ಶಿಕ್ಷೆ ಕಮ್ಮಿಯಾಯಿತು ಅಂತಲ್ಲ. ಸತ್ತ ಇಬ್ಬರು ಅದರಲ್ಲಿ ಎಲ್ಲೂ ಇರಲಿಲ್ಲ. ಹುಡುಗ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಅದನ್ನು ಸುಧಾರಣೆ ಎಂದು ಕರೆದರೆ ಸುಧಾರಣೆಗೇ ಅವಮಾನ.

ನ್ಯೂಜಿಲೆಂಡ್ 1989ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಕುಟುಂಬ ಪದ್ಧತಿಯಿಂದ ಕಲಿತು, ಕುಟುಂಬ ಸಭೆ ಎಂಬುದನ್ನು ಕಾನೂನಿನೊಳಗೇ ತಂದಿತು. ತಪ್ಪು ಮಾಡಿದ ಹುಡುಗ, ಅವನ ಮನೆಯವರು, ಪೊಲೀಸರು, ನೊಂದವರು ಬರಲು ಒಪ್ಪಿದರೆ ಅವರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಏನಾಯಿತು, ಯಾರಿಗೆ ಎಷ್ಟು ನೋವಾಯಿತು, ಈಗೇನು ಮಾಡಬೇಕು ಎಂದು ಮಾತಾಗುತ್ತದೆ. ತಾಯಿಯೊಬ್ಬಳ ಎದುರು ಕೂತು ಅವಳ ಮಾತನ್ನು ಕೇಳುವುದು ಸೆಲ್ಲಿನಲ್ಲಿ ಮಲಗುವುದಕ್ಕಿಂತ ಸುಲಭ ಅಂತ ನನಗಂತೂ ಅನ್ನಿಸುವುದಿಲ್ಲ. ಇದನ್ನು ಹೇಳಿದಾಗ ನಮ್ಮಲ್ಲಿ ಕೆಲವರು, ನಮ್ಮ ಹಳ್ಳಿಯ ಪಂಚಾಯಿತಿ ಕಟ್ಟೆ ಇದನ್ನೇ ಮಾಡುತ್ತಿತ್ತಲ್ಲ ಎನ್ನುತ್ತಾರೆ. ಹಾಗಲ್ಲ ಮಾರಾಯರೇ. ಕಟ್ಟೆಯ ಮೇಲೆ ಕೂರುವವರು ಯಾರು, ಕೆಳಗೆ ನಿಲ್ಲುವವರು ಯಾರು ಎಂಬುದು ಜಾತಿಗೆ ಗೊತ್ತಿತ್ತು. ಕಲಿಯುವುದಿದ್ದರೆ ತರಬೇತಿ ಪಡೆದ, ಎರಡೂ ಕಡೆಗೆ ಹೊರಗಿನವರಾದ ಒಬ್ಬರು ನಡೆಸಿಕೊಡುವ ಸಭೆಯನ್ನು ಕಲಿಯಬೇಕು. ನಮ್ಮ ಕಾಯ್ದೆಯಲ್ಲಿರುವ ಸಮಾಲೋಚನೆ, ಸಮುದಾಯ ಸೇವೆಯ ಆದೇಶಗಳಲ್ಲೇ ಇದಕ್ಕೆ ಬಾಗಿಲು ತೆರೆದಿದೆ.

ಆಮೇಲಿನ ಬದುಕಿನ ಮಾತು. ಇಂಥ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಅಂಟಬಾರದು, ಅವಧಿ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು ಎನ್ನುತ್ತದೆ 24ನೇ ಸೆಕ್ಷನ್. ದೊಡ್ಡವರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಕೇಂದ್ರದ ಕೈಗಾರಿಕಾ ಭದ್ರತಾ ಪಡೆ ಸಿಐಎಸ್‌ಎಫ್‌ನ ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಆಯ್ಕೆಯಾದ ಒಬ್ಬರ ಕೆಲಸ, ಅವರು ಬಾಲಕರಾಗಿದ್ದಾಗಿನ ಹಳೇ ಪ್ರಕರಣದ ಕಾರಣಕ್ಕೆ ತಪ್ಪಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್, ಬಾಲ್ಯದ ಪ್ರಕರಣವನ್ನು ಹಾಗೆ ಬಳಸುವಂತಿಲ್ಲ ಎಂದು ಅವರ ಪರ ನಿಂತಿತು. ಸುಪ್ರೀಂ ಕೋರ್ಟಿನ ತನಕ ಹೋಗುವ ಶಕ್ತಿ ಎಷ್ಟು ಜನಕ್ಕಿದೆ?

ಹದಿನೆಂಟು ತುಂಬಿ ಹೊರಬಂದವರಿಗೆ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ, 21ರವರೆಗೆ, ಕೆಲವರಿಗೆ 23ರವರೆಗೆ. ಬೆಂಗಳೂರಿನಲ್ಲಿ ಈ ದುಡ್ಡಿಗೆ ಪೀಜಿಯ ಒಂದು ಹಾಸಿಗೆ ಸಿಗುವುದೂ ಕಷ್ಟ.

ಈಗ ಆ ‘ಜನ’ದ ವಿಷಯ. ಪೊಲೀಸರು ಮಗುವನ್ನು ಹಿಡಿದ ಕೂಡಲೇ ಪ್ರೊಬೇಷನ್ ಆಫೀಸರ್‌ಗೆ ಸುದ್ದಿ ಹೋಗಬೇಕು. ಎರಡು ವಾರದಲ್ಲಿ ಅವರು ಮಗುವಿನ ಮನೆ, ಹಿನ್ನೆಲೆ ನೋಡಿ ಬರೆಯುವ ಸಾಮಾಜಿಕ ತನಿಖಾ ವರದಿ ಕೊಡಬೇಕು. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಕಾಗದದ ಮೇಲೆ. ಸಮುದಾಯ ಸೇವೆಯೇ, ಪ್ರೊಬೇಷನ್ನೇ, ವಿಶೇಷ ಗೃಹವೇ ಎಂದು ಮಂಡಳಿ ತೀರ್ಮಾನಿಸುವುದು ಇದನ್ನು ನೋಡಿ. ಆದರೆ 2025ರಲ್ಲಿ ಬಂದ ಇಂಡಿಯಾ ಜಸ್ಟೀಸ್ ರಿಪೋರ್ಟ್ ತಂಡದ ಅಧ್ಯಯನ ಹೇಳುವುದು ಹೀಗೆ: 2023ರ ಅಕ್ಟೋಬರ್ ಕೊನೆಗೆ 362 ಮಂಡಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಕರಣ ಬಾಕಿ. ನಾಲ್ಕು ಮಂಡಳಿಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಪೂರ್ತಿ ಪೀಠವೇ ಇಲ್ಲ. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುವ ದೇಶದ ಕಥೆ ಇದು. ಹದಿನೈದರ ಹುಡುಗನಿಗೆ ಒಂದು ವರ್ಷ ಕಳೆಯುವುದೆಂದರೆ ಎಸ್ಸೆಸ್ಸೆಲ್ಸಿ ಕಳೆದಂತೆ.

ಹಾಗಾಗಿ ನನ್ನನ್ನು ಕೇಳಿದರೆ, 15ನೇ ಸೆಕ್ಷನ್ ತೆಗೆಯಿರಿ ಎನ್ನುತ್ತೇನೆ. ತೆಗೆಯಲು ಧೈರ್ಯ ಸಾಲದಿದ್ದರೆ ಓಡಿಹೋದ ಪ್ರೇಮಿಗಳನ್ನಾದರೂ ಅದರಿಂದ ಹೊರಗಿಡಿ. ಆದರೆ ಅದಕ್ಕಿಂತ ಮೊದಲು ಖಾಲಿ ಕುರ್ಚಿಗಳನ್ನು ತುಂಬಿ. ಗುತ್ತಿಗೆಯ ಮೇಲೆ ದುಡಿಸಿಕೊಂಡು, ಮೂರು ಜನರ ಫೈಲನ್ನು ಒಬ್ಬರ ತಲೆಗೆ ಕಟ್ಟಿದರೆ ಆ ವರದಿ ಮೇಜಿನ ಮೇಲೇ ತಯಾರಾಗುತ್ತದೆ. ಅಪ್ಪನ ಹೆಸರು, ಅಮ್ಮನ ಕೆಲಸ, ಓದು ಬಿಟ್ಟ ಕಾರಣ, ನೆರೆಹೊರೆಯ ಪ್ರಭಾವ. ಫಾರಂನಲ್ಲಿ ಎಲ್ಲಕ್ಕೂ ಜಾಗವಿದೆ. ಯಶವಂತಪುರದ ನಮ್ಮ ಹುಡುಗನ ಫಾರಂ ಸರಿಯಾಗಿ ತುಂಬಬೇಕಾದರೆ ಯಾರಾದರೂ ಪೀಣ್ಯದ ಆ ಮನೆಗೆ ಭಾನುವಾರವೇ ಹೋಗಬೇಕು. ಅವನ ಅಮ್ಮನಿಗೆ ರಜೆ ಇರುವುದು ಅವತ್ತೊಂದೇ ದಿನ.